ರಿವೆರಾ ಮೊದಲು ಸೋತಿದ್ದರು

ಪತ್ರ: "ಬೇಸ್‌ಬಾಲಿನಲ್ಲಿ ಒಳ್ಳೆಯ ಪಿಚರ್‌ಗೆ (ಚೆಂಡು ಎಸೆಯುವವನಿಗೆ) ಮೊದಲು ಸ್ಟಾರ್ಟರ್, ಅಂದರೆ ಪಂದ್ಯ ಶುರು ಮಾಡುವವನು, ಆಗುವ ಅವಕಾಶ ಕೊಡಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಜೋಬಾ ಚೇಂಬರ್ಲಿನ್ ಕಥೆ ಮರೆತಿರಾ? ಒಂಬತ್ತು ಇನ್ನಿಂಗ್ಸ್‌ನ ಆಟದಲ್ಲಿ ಎಂಟನೆಯದಕ್ಕೇ ಬಿಟ್ಟಿದ್ದರೆ, ಪಂದ್ಯ ಮುಗಿಸುವುದರಲ್ಲಿ ಹೆಸರಾದ ಮರಿಯಾನೊ ರಿವೆರಾ ಅವರಂತೆಯೇ ಆಗುತ್ತಿದ್ದರು. ಸ್ಟಾರ್ಟರ್ ಮಾಡಲು ಹೋಗಿ ನ್ಯೂಯಾರ್ಕಿನ ಯಾಂಕೀಸ್ ತಂಡದವರು ಹುಡುಗನನ್ನು ಕೆಡಿಸಿದರು. ನನ್ನ 12 ವರ್ಷದ ಮಗನನ್ನೂ ಅವನ ಕೋಚ್ ಕೊನೆಯ ಇನ್ನಿಂಗ್ಸ್‌ಗೆ ಮಾತ್ರ ಇಳಿಸುತ್ತಾರೆ. ನನಗೆ ಅದೇ ಸರಿ ಅನ್ನಿಸಿದೆ." — ಓದುಗರೊಬ್ಬರು, ನ್ಯೂಜೆರ್ಸಿ

ಸಂಪಾದಕರ ಉತ್ತರ:

ಜೋಬಾ ಅವರನ್ನು ಮರೆಯುವುದುಂಟೇ! 2007ರ ಆಗಸ್ಟ್‌ನಲ್ಲಿ ಯಾಂಕೀಸ್‌ಗೆ ಬಂದಾಗ ಅವರಿಗಿನ್ನೂ 21. ಆ ವರ್ಷ 19 ಪಂದ್ಯ, 24 ಇನ್ನಿಂಗ್ಸ್. ಫೀಲ್ಡರ್‌ಗಳ ತಪ್ಪಿನಿಂದ ಬಂದದ್ದನ್ನು ಬಿಟ್ಟರೆ, ಅವರ ಲೆಕ್ಕಕ್ಕೆ ಬಿದ್ದ ರನ್ ಒಂದೇ ಒಂದು. ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಹುಳುಗಳು ಕತ್ತು, ಮುಖವೆಲ್ಲ ಮುತ್ತಿಕೊಂಡು ಅವರ ಎಸೆತ ಹಾದಿ ತಪ್ಪಿತಲ್ಲ, ಆ ರಾತ್ರಿಯನ್ನು ನೆನೆದರೆ ನನಗೆ ಇಂದಿಗೂ ಮೈ ಕೆರೆಯುತ್ತದೆ.

ಆದರೆ ನೀವು ಸಾಕ್ಷಿಗೆ ಕರೆದ ರಿವೆರಾ ನನ್ನ ಪರವಾಗಿ ನಿಲ್ಲುತ್ತಾರೆ. 1995ರಲ್ಲಿ ಅವರಿಂದ 10 ಪಂದ್ಯ ಶುರು ಮಾಡಿಸಿ ನೋಡಿದರು, ಚೆನ್ನಾಗಿಯೇ ಹೊಡೆಸಿಕೊಂಡರು. ಬುಲ್‌ಪೆನ್, ಅಂದರೆ ಸ್ಟಾರ್ಟರ್ ನಂತರ ಬಂದು ಎಸೆಯುವ ರಿಲೀವರ್‌ಗಳ ಗುಂಪು, ಅವರ ನೆಲೆಯಾದದ್ದು ಆಮೇಲೆ. 652 ಸೇವ್‌ಗಳೂ (ಮುನ್ನಡೆ ಕಾಪಾಡಿ ಪಂದ್ಯ ಮುಗಿಸಿದ ಲೆಕ್ಕ), 2019ರಲ್ಲಿ ಒಂದು ಮತವೂ ತಪ್ಪದೆ ಸಿಕ್ಕ ಹಾಲ್ ಆಫ್ ಫೇಮ್ ಗೌರವವೂ ಅಲ್ಲಿಂದ ಬಂದವು. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು 1992ರಲ್ಲಿ ಗೆದ್ದ ಕ್ಲೋಸರ್ (ಪಂದ್ಯ ಮುಗಿಸುವ ರಿಲೀವರ್) ಡೆನ್ನಿಸ್ ಎಕರ್ಸ್ಲಿ ಕೂಡ ಅದಕ್ಕೂ ಮೊದಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಟಾರ್ಟರ್ ಆಗಿದ್ದವರೇ. ಇವರಿಬ್ಬರನ್ನೂ ತೀರಾ ಪ್ರತಿಭಾವಂತರೆಂದು ಯಾರೂ ಬುಲ್‌ಪೆನ್‌ಗೆ ಕಳಿಸಲಿಲ್ಲ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಜಗಳವೇ ವಿಚಿತ್ರ. ಬುಮ್ರಾ ಹೊಸ ಚೆಂಡಿನಲ್ಲಿ ಎರಡು ಓವರ್ ಹಾಕಿ, ಬೌಂಡರಿ ಬಳಿ ಹೋಗಿ ನಿಂತು, ಕೊನೆಯ ಓವರ್‌ಗಳಿಗೆ ಮತ್ತೆ ಬರುತ್ತಾರೆ. ಬೇಸ್‌ಬಾಲಿನಲ್ಲಿ ಒಮ್ಮೆ ಹೊರಗೆ ಕರೆಸಿದ ಆಟಗಾರನಿಗೆ ಆ ಪಂದ್ಯ ಅಲ್ಲಿಗೇ ಮುಗಿಯಿತು. ಹಾಗಾಗಿ ಶುರುವಿಗೋ ಕೊನೆಗೋ, ಆರಿಸಲೇಬೇಕು. ಒಳ್ಳೆಯ ಸ್ಟಾರ್ಟರ್ ವರ್ಷಕ್ಕೆ 180 ಇನ್ನಿಂಗ್ಸ್ ಹೊರುತ್ತಾರೆ. ರಿಲೀವರ್ 60, 70. ಅದರ ಮೇಲೆ, ಸ್ಟಾರ್ಟರ್‌ಗೆ ಅದೇ ಒಂಬತ್ತು ಬ್ಯಾಟರ್‌ಗಳು ಎರಡನೇ ಸುತ್ತು, ಮೂರನೇ ಸುತ್ತು ಎದುರಾಗುತ್ತಾರೆ. ಕೈಯಲ್ಲಿ ಎರಡೇ ಬಗೆಯ ಎಸೆತವಿದ್ದರೆ ಅಷ್ಟರಲ್ಲಿ ಗುಟ್ಟು ರಟ್ಟು. ರಿಲೀವರ್‌ಗೆ ಆ ಕಾಟವಿಲ್ಲ, ಮೈಯಲ್ಲಿರುವ ಕಸುವನ್ನೆಲ್ಲ 15–20 ಎಸೆತಗಳಲ್ಲಿ ಸುರಿದು ಹೋಗಬಹುದು. ಜೋಬಾ ಅವರ ಆ 24 ಇನ್ನಿಂಗ್ಸ್‌ಗಳ ಹೊಳಪಿನಲ್ಲಿ ಬುಲ್‌ಪೆನ್ನಿನ ಪಾಲೂ ಇತ್ತು.

ಕೆಡಿಸಿದರೇ? 2008ರಲ್ಲಿ ಸ್ಟಾರ್ಟರ್ ಆಗಿದ್ದಾಗಲೇ ಭುಜ ನೋವಾಯಿತು, ಒಪ್ಪುತ್ತೇನೆ. 2009ರಲ್ಲಿ 31 ಪಂದ್ಯ ಶುರು ಮಾಡಿದರು, ಪ್ರತಿ ಒಂಬತ್ತು ಇನ್ನಿಂಗ್ಸ್‌ಗೆ ಬಿಟ್ಟುಕೊಟ್ಟ ರನ್ ಸರಾಸರಿ 4.75. ತೋಳು ಕಾಪಾಡುವ ನೆಪದಲ್ಲಿ ಕೆಲವು ಪಂದ್ಯಗಳಲ್ಲಿ ಮೂರೇ ಇನ್ನಿಂಗ್ಸ್‌ಗೆ ಹೊರಗೆ ಕರೆಸಿಬಿಟ್ಟರು. ಇತ್ತ ಸ್ಟಾರ್ಟರೂ ಅಲ್ಲ, ಅತ್ತ ರಿಲೀವರೂ ಅಲ್ಲ. ನನ್ನ ಆಕ್ಷೇಪ ಇರುವುದು ಈ ಎಡಬಿಡಂಗಿತನಕ್ಕೆ. ಮರುವರ್ಷ ನೀವು ಬಯಸಿದಂತೆ ಬುಲ್‌ಪೆನ್‌ಗೇ ಹೋದರಲ್ಲ, 2007ರ ಜೋಬಾ ಹಿಂದಿರುಗಲಿಲ್ಲ. ಮೊಣಕೈ ಶಸ್ತ್ರಚಿಕಿತ್ಸೆಯೂ ಅಲ್ಲಿದ್ದಾಗಲೇ, 2011ರಲ್ಲಿ ಆಯಿತು.

ಈಗ ಆಡಂ ವೇನ್‌ರೈಟ್ ಅವರನ್ನು ನೋಡಿ. 2006ರ ವರ್ಲ್ಡ್ ಸೀರೀಸ್‌ನ (ಮೇಜರ್ ಲೀಗ್‌ನ ಅಂತಿಮ ಸರಣಿಯ) ಕೊನೆಯ ಔಟ್ ಪಡೆದ ಕ್ಲೋಸರ್ ಅವರು, ಅದೂ ಮೊದಲ ಪೂರ್ಣ ವರ್ಷದಲ್ಲಿ. ಅಂಥವರನ್ನು ಅಲ್ಲೇ ಇಟ್ಟುಕೊಳ್ಳುವ ಆಸೆ ಯಾರಿಗಿರುವುದಿಲ್ಲ? ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮರುವರ್ಷವೇ ಸ್ಟಾರ್ಟರ್ ಮಾಡಿತು. 2023ರಲ್ಲಿ ನಿವೃತ್ತರಾಗುವ ಹೊತ್ತಿಗೆ 200 ಗೆಲುವು. ರಿಲೀವರ್ ಆಗಿದ್ದ ಗ್ಯಾರೆಟ್ ಕ್ರೋಶೆ 2024ಕ್ಕೆ ಮುಂಚೆ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಶುರು ಮಾಡಿರಲಿಲ್ಲ. 2025ರಲ್ಲಿ ಬಾಸ್ಟನ್ ಪರ 255 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್). ನಿಮ್ಮ ಕಡೆಗೂ ಒಂದು ಹೆಸರು ಕೊಡುತ್ತೇನೆ: 2010ರಲ್ಲಿ 40 ಸೇವ್ ಮಾಡಿದ ನೆಫ್ತಾಲಿ ಫೆಲಿಜ್ 2012ರಲ್ಲಿ ಸ್ಟಾರ್ಟರ್ ಆದರು, ಅದೇ ವರ್ಷ ಮೊಣಕೈ ಹೋಯಿತು.

ಮಗನ ವಿಷಯದಲ್ಲಂತೂ ನಿಮ್ಮ ಮಾತು ಒಪ್ಪಲಾರೆ. ಮಕ್ಕಳ ಬೇಸ್‌ಬಾಲ್ ಸಂಸ್ಥೆ ಲಿಟಲ್ ಲೀಗ್‌ನ ನಿಯಮದಂತೆ 12ರ ಹುಡುಗ ದಿನಕ್ಕೆ 85 ಎಸೆತದವರೆಗೆ ಹಾಕಬಹುದು. 66 ಅಥವಾ ಅದಕ್ಕಿಂತ ಹೆಚ್ಚು ಹಾಕಿದರೆ ನಾಲ್ಕು ದಿನ ವಿಶ್ರಾಂತಿ ಕೊಡಲೇಬೇಕು. ಅಷ್ಟರೊಳಗೆ ಒಂದೆರಡು ಪಂದ್ಯ ಅವನೇ ಶುರು ಮಾಡಲಿ ಎಂದು ಕೋಚ್ ಹತ್ತಿರ ಕೇಳಿ. ಜೊತೆಗೆ, ಅವನಿಗೆ ಚೇಂಜ್‌ಅಪ್ (ವೇಗದ ಎಸೆತದಂತೆ ಕಂಡು ನಿಧಾನವಾಗಿ ಬರುವ ಎಸೆತ) ಹಾಕಲು ಬರುತ್ತದೆಯೇ? ಮುಂದಿನ ಪತ್ರದಲ್ಲಿ ತಿಳಿಸಿ.