ಕೋಲಾರದ ಕಡೆ ಫೈರ್ ಸ್ಟೇಷನ್‌ನಲ್ಲಿ ಕೆಲಸ ಕಡಿಮೆ, ಓದಲು ಟೈಮ್ ಸಿಗುತ್ತೆ ಅಂತಾರೆ. ಫೈರ್‌ಮನ್ ಆಗಿ ಸೇರಿ ಕೆಎಎಸ್‌ಗೆ ಓದಬಹುದಾ, ಇಲ್ಲ ಪೊಲೀಸ್ ಕಾನ್‌ಸ್ಟೇಬಲ್ ಆಗೋದೇ ವಾಸಿಯಾ?

ಈ ಲೆಕ್ಕವನ್ನು ನಾನೂ ಹಾಕಿದ್ದೆ. ಸಣ್ಣ ಊರು, ದಿನಕ್ಕೆ ಒಂದೋ ಎರಡೋ ಕಾಲ್, ಉಳಿದ ಹೊತ್ತು ಪುಸ್ತಕ. ಕೋಲಾರ ಜಿಲ್ಲೆಯ ಒಂದು ಠಾಣೆಗೆ ಬಂದಾಗ ನನ್ನ ಟ್ರಂಕಿನಲ್ಲಿ ಮೇಲೆ ಎರಡು ಜೊತೆ ಯೂನಿಫಾರ್ಮ್ ಇತ್ತು, ಕೆಳಗೆ ಪೂರ್ತಿ ಕೆಎಎಸ್ ಗೈಡ್‌ಗಳು.

ನಾನು ಸೇರಿದ್ದು ಮಳೆಗಾಲದಲ್ಲಿ. ಮೊದಲ ಎರಡು ತಿಂಗಳು ಲೆಕ್ಕ ಸರಿಯಾಗಿಯೇ ಇತ್ತು. ಬೆಳಿಗ್ಗೆ ರೋಲ್ ಕಾಲ್, ಪಿಟಿ, ಗಾಡಿ ಚೆಕ್, ಒಂದು ಡ್ರಿಲ್. ಆಮೇಲೆ ಗಾಳಿಗೆ ಬಿದ್ದ ಮರ ತೆಗೆಯುವುದು, ಇಲ್ಲ ಬಾವಿಗೆ ಬಿದ್ದ ಹಸು ಎತ್ತುವುದು. ಹಸು ಎತ್ತುವಾಗ ಬರೀ ಹಗ್ಗ ಹಾಕಿದರೆ ಹೊಟ್ಟೆ ಕೊಯ್ಯುತ್ತದೆ. ಹಳೆಯ ಹೋಸ್ ಪೈಪನ್ನು ಚಪ್ಪಟೆ ಮಾಡಿ ಹೊಟ್ಟೆಯ ಕೆಳಗೆ ಎರಡು ಕಡೆ ಕಟ್ಟುತ್ತೇವೆ. ಅದನ್ನು ಮೊದಲ ಸಲ ನೋಡಿದಾಗ ಖುಷಿಯಾಗಿತ್ತು. ಆದರೂ ವಾಪಸ್ ಬಂದ ತಕ್ಷಣ ನನ್ನ ಕೈ ಹೋಗುತ್ತಿದ್ದುದು ಪುಸ್ತಕಕ್ಕೇ.

ಸಂಕ್ರಾಂತಿ ಕಳೆಯಿತು ನೋಡಿ, ಚಿತ್ರವೇ ಬದಲಾಯಿತು. ನಮ್ಮ ಕಡೆ ಬೇಸಿಗೆ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇರಬೇಕು. ರಸ್ತೆ ಬದಿಯ ಹುಲ್ಲು, ನೀಲಗಿರಿ ತೋಪು, ಮಾವಿನ ತೋಪಿನಲ್ಲಿ ಬಿದ್ದ ತರಗೆಲೆ, ಬೆಟ್ಟದ ಮೇಲಿನ ಬಾದೆ ಹುಲ್ಲು, ಯಾರೋ ಎಸೆದ ಒಂದು ಬೀಡಿ ತುಂಡು ಸಾಕು. ಹುಲ್ಲು ತುಂಬಿದ ಟ್ರಾಕ್ಟರ್‌ಗೆ ಜೋತು ಬಿದ್ದ ಕರೆಂಟ್ ತಂತಿ ತಾಗುತ್ತದೆ. ಹುರುಳಿ ಸೊಪ್ಪನ್ನು ಟಾರ್ ರಸ್ತೆಗೆ ಹರಡಿ ಒಕ್ಕಣೆ ಮಾಡುತ್ತಾರೆ, ಅದು ಕಾರಿನ ಅಡಿಯಲ್ಲಿ ಸುತ್ತಿಕೊಂಡು ಬಿಸಿಗೆ ಹೊತ್ತಿಕೊಳ್ಳುತ್ತದೆ. ಇದರ ನಡುವೆ ಚೆನ್ನೈ ಹೆದ್ದಾರಿಯ ಆಕ್ಸಿಡೆಂಟ್, ಅಡುಗೆಮನೆಯಲ್ಲಿ ಸಿಲಿಂಡರ್ ಲೀಕ್. 101ಕ್ಕೆ ಫೋನ್ ಬಂದರೂ ಅಷ್ಟೇ, 112ರಿಂದ ಬಂದರೂ ಅಷ್ಟೇ, ಬೆಲ್ ಹೊಡೆದ ಮೇಲೆ ಷೂ ಲೇಸ್ ಕಟ್ಟುತ್ತಾ ಕೂರುವಂತಿಲ್ಲ, ಗಾಡಿ ಗೇಟ್ ದಾಟಿರಬೇಕು.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸುಮ್ನೆ "ಅಜಾಗರೂಕತೆ" ಅಂತ ಒಂದು ಪದ ಬರೆದರೆ ಏನೂ ಅರ್ಥ ಆಗುವುದಿಲ್ಲ.

ನಮ್ಮ ಗಾಡಿಯ ಟ್ಯಾಂಕಿನಲ್ಲಿ 4500 ಲೀಟರ್ ನೀರು ಹಿಡಿಯುತ್ತದೆ. ಕೇಳಲು ಜಾಸ್ತಿ ಅನಿಸುತ್ತದೆ. ಎರಡು ಪೈಪ್ ಬಿಟ್ಟು ಜೋರಾಗಿ ಹೊಡೆದರೆ ಐದಾರು ನಿಮಿಷಕ್ಕೆ ಖಾಲಿ. ಹುಲ್ಲಿನ ಬಣವೆಗೆ ಅದು ಯಾವ ಮೂಲೆಗೂ ಸಾಲದು. ಆಗ ಹತ್ತಿರದ ಕೆರೆಯಿಂದಲೋ ಕೃಷಿ ಹೊಂಡದಿಂದಲೋ ನೀರು ಎಳೆಯಬೇಕು. ಅದಕ್ಕೆ ಸಕ್ಷನ್ ಪೈಪ್ ಅಂತ ದಪ್ಪ, ಗಟ್ಟಿ ಪೈಪ್ ಇರುತ್ತದೆ. ಒಂದಕ್ಕೊಂದು ತಿರುಪಿ ಜೋಡಿಸುತ್ತೇವೆ, ತುದಿಗೆ ಜರಡಿಯಂಥ ಸ್ಟ್ರೇನರ್ ಹಾಕಿ ನೀರಿಗೆ ಬಿಡುತ್ತೇವೆ.

ಪಂಪ್ ನೀರನ್ನು ಎಳೆಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಮೊದಲು ಪ್ರೈಮರ್ ಅನ್ನುವುದು ಪೈಪಿನ ಒಳಗಿನ ಗಾಳಿಯನ್ನು ತೆಗೆಯುತ್ತದೆ. ಆಮೇಲೆ ಹೊರಗಿನ ಗಾಳಿಯ ಒತ್ತಡವೇ ನೀರನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುತ್ತದೆ. ಹಾಗಾಗಿಯೇ ಏಳು ಮೀಟರ್‌ಗಿಂತ ಆಳದಲ್ಲಿ ನೀರಿದ್ದರೆ ಎಂಥ ಒಳ್ಳೆ ಪಂಪ್ ಇದ್ದರೂ ಕಷ್ಟ. ಪೈಪಿನ ಜೋಡಣೆಯಲ್ಲಿ ಎಲ್ಲಿಯಾದರೂ ಗಾಳಿ ಒಳಗೆ ನುಗ್ಗಿತೋ, ನೀರು ಏರುವುದೇ ಇಲ್ಲ. ಗಾಳಿ ನುಗ್ಗದಂತೆ ತಡೆಯುವುದು ಪ್ರತಿ ಜೋಡಣೆಯ ಒಳಗಿರುವ ಒಂದು ವಾಷರ್. ದೊಡ್ಡ ಬಳೆಯಂಥ ಕಪ್ಪು ರಬ್ಬರ್, ಅಷ್ಟೇ.

ಆ ದಿನದ ಹಿಂದಿನ ಬೆಳಿಗ್ಗೆ ಸಕ್ಷನ್ ಡ್ರಿಲ್ ಇತ್ತು. ಮುಗಿಸಿ ಪೈಪ್ ಬಿಚ್ಚುವಾಗ ಒಂದು ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿರುವುದು ಕಂಡಿತು. ಕಿತ್ತು ಪ್ಯಾಂಟ್ ಜೇಬಿಗೆ ಹಾಕಿಕೊಂಡೆ. ಸ್ಟೋರ್‌ನಲ್ಲಿ ಹೊಸದು ಇತ್ತು. ಊಟ ಆದ ಮೇಲೆ ತಂದು ಹಾಕೋಣ ಅಂದುಕೊಂಡೆ. ಊಟ ಆದ ಮೇಲೆ ಪುಸ್ತಕ ತೆಗೆದೆ. ಪಂಚಾಯತ್ ರಾಜ್ ಅಧ್ಯಾಯ, ಇವತ್ತಿಗೂ ನೆನಪಿದೆ. ಸಂಜೆ ಡ್ಯೂಟಿ ಬಿಡುವಾಗ ಮುಂದಿನವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಗಾಡಿ ಚೆಕ್ ನನ್ನದೇ. ಡೀಸೆಲ್ ನೋಡಿದೆ, ನೀರು ನೋಡಿದೆ, ಸೈರನ್ ಒತ್ತಿದೆ. ಸಕ್ಷನ್ ಪೈಪ್‌ಗಳು ಗಾಡಿಯ ಮೇಲೆ ತಮ್ಮ ಜಾಗದಲ್ಲಿ ಇದ್ದವು, ಕೆಳಗಿನಿಂದಲೇ ಎಣಿಸಿದೆ. ರಿಜಿಸ್ಟರ್‌ನಲ್ಲಿ "ಎಲ್ಲಾ ಸರಿ ಇದೆ" ಅಂತ ಬರೆದು ಸಹಿ ಹಾಕಿದೆ.

ಮೂರು ಸಲ ಅವಕಾಶ ಇತ್ತು ನನಗೆ. ಕಿತ್ತ ತಕ್ಷಣ, ಡ್ಯೂಟಿ ಬಿಡುವಾಗ, ಮಾರನೇ ಬೆಳಿಗ್ಗೆ. ಪ್ರತಿ ಸಲವೂ ಎರಡು ನಿಮಿಷದ ಕೆಲಸ. ಮರೆತೆ ಅಂತ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಬೆಳಿಗ್ಗೆ ಪೈಪ್ ಎಣಿಸುವಾಗ ಮನಸ್ಸಿನಲ್ಲಿ ಏನೋ ಚುಚ್ಚಿತ್ತು. ಸಕ್ಷನ್ ಎಲ್ಲಿ ಬೇಕಾಗುತ್ತೆ ಇವತ್ತು ಅಂತ ಅದನ್ನು ತಳ್ಳಿಹಾಕಿದೆ.

ಹನ್ನೊಂದೂವರೆಗೆ ಬೆಲ್. ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳಿ, ರಾಗಿ ಹುಲ್ಲಿನ ಬಣವೆ. ಹೋಗುವಷ್ಟರಲ್ಲಿ ಒಂದು ಬಣವೆ ಪೂರ್ತಿ ಕೆಂಡ. ಪಕ್ಕದಲ್ಲಿ ಇನ್ನೊಂದು ಬಣವೆ, ಅದರ ಪಕ್ಕ ಗರಿ ಹೊದಿಸಿದ ದನದ ಕೊಟ್ಟಿಗೆ. ದನಗಳನ್ನು ಮೊದಲೇ ಬಿಚ್ಚಿದ್ದರು, ಪುಣ್ಯ. ಟ್ಯಾಂಕಿನ ನೀರನ್ನು ಎರಡನೇ ಬಣವೆಗೂ ಕೊಟ್ಟಿಗೆಗೂ ಹೊಡೆದು ಬೆಂಕಿಯನ್ನು ತಡೆದು ನಿಲ್ಲಿಸಿದೆವು. ಅಲ್ಲಿಯವರೆಗೂ ಎಲ್ಲಾ ಸರಿಯಾಗಿಯೇ ಇತ್ತು. ಕೃಷಿ ಹೊಂಡ ಇಪ್ಪತ್ತು ಹೆಜ್ಜೆ ದೂರದಲ್ಲಿ, ತುಂಬ ನೀರು. ಗಾಡಿಯನ್ನು ಅಲ್ಲಿಗೆ ತಿರುಗಿಸಿ ಸಕ್ಷನ್ ಜೋಡಿಸಿದೆವು.

ಪ್ರೈಮರ್ ಹಾಕಿದರು. ಗೇಜಿನ ಮುಳ್ಳು ಸ್ವಲ್ಪ ಅಲ್ಲಾಡಿ ಮತ್ತೆ ಸೊನ್ನೆಗೆ ಬಂತು. ಇನ್ನೊಮ್ಮೆ. ಮತ್ತೆ ಸೊನ್ನೆ. ಪ್ರೈಮರ್ ಕೆಟ್ಟಿದೆ ಅಂತ ಡ್ರೈವರ್ ಅಣ್ಣ ಅದನ್ನು ನೋಡಲು ಶುರು ಮಾಡಿದರು. ಸ್ಟ್ರೇನರ್ ನೀರಿನಿಂದ ಮೇಲೆ ಬಂದಿದೆಯಾ ಅಂತ ಇನ್ನೊಬ್ಬರು ನೋಡಿದರು. ನಾನು ನಡುವಿನ ಜೋಡಣೆಯ ಪಕ್ಕದಲ್ಲೇ ನಿಂತಿದ್ದೆ. ಅದರೊಳಗಿಂದ ಸಣ್ಣಗೆ ಶಿಳ್ಳೆಯಂಥ ಸದ್ದು ಬರುತ್ತಿತ್ತು, ಗಾಳಿ ಎಳೆಯುವ ಸದ್ದು. ಆಗ ಹೊಳೆಯಿತು. ಬಾಯಿ ಒಣಗಿ ಹೋಯಿತು.

"ಸಾರ್, ಇದರಲ್ಲಿ ವಾಷರ್ ಇಲ್ಲ" ಅಂದೆ.

ನಮ್ಮ ಲೀಡಿಂಗ್ ಫೈರ್‌ಮನ್ ಒಂದು ಮಾತೂ ಆಡಲಿಲ್ಲ. ಪೈಪನ್ನು ಮೇಲಕ್ಕೆ ಎಳೆಸಿದರು. ಸ್ಟ್ರೇನರ್ ತಿರುಪಿ ಬಿಚ್ಚಿ, ಅದರ ವಾಷರನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ತೆಗೆದು, ನಡುವಿನ ಜೋಡಣೆಗೆ ಹಾಕಿದರು. ಸ್ಟ್ರೇನರ್ ಹೇಗೂ ನೀರಿನೊಳಗೆ ಮುಳುಗಿರುತ್ತದೆ. ಅಲ್ಲಿ ಸೋರಿದರೂ ಒಳಗೆ ಬರುವುದು ನೀರೇ, ಗಾಳಿಯಲ್ಲ. ಇದನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಮುಳ್ಳು ಸರ್ರನೆ ಹೋಗಿ ನಿಂತಿತು, ನೀರು ಬಂತು.

ಅಷ್ಟರಲ್ಲಿ ಹನ್ನೆರಡು ನಿಮಿಷ ಕಳೆದಿತ್ತು. ಗಾಳಿ ತಿರುಗಿ ಎರಡನೇ ಬಣವೆ ಹೊತ್ತಿಕೊಂಡಿತ್ತು, ಕೊಟ್ಟಿಗೆಯ ಗರಿ ಸುಟ್ಟು ತೊಲೆ ಬಿದ್ದಿತ್ತು. ಆ ಮನೆಯ ಅಜ್ಜಿ ಅಷ್ಟೂ ಹೊತ್ತು ಹೊಂಡದ ಬದಿಯಲ್ಲೇ ನಿಂತಿದ್ದರು. ಬೈಯಲಿಲ್ಲ. "ಏನ್ ಸಾಮಿ, ಇಷ್ಟು ದೊಡ್ಡ ಗಾಡಿ ತಂದ್ರೂ ಪಕ್ಕದಾಗಿರೋ ನೀರು ಬರಲ್ವಾ?" ಅಂತ ಕೇಳಿದರು. ನಿಜಕ್ಕೂ ಅರ್ಥವಾಗದೆ ಕೇಳಿದ್ದು ಅದು. ನಾಲ್ಕು ಸೀಮೆ ಹಸು ಇಟ್ಟುಕೊಂಡು ಡೈರಿಗೆ ಹಾಲು ಹಾಕಿ ಬದುಕುವ ಮನೆ. ವರ್ಷದ ಮೇವು ಆ ಎರಡು ಬಣವೆಯಲ್ಲಿತ್ತು.

ರಾತ್ರಿ ಮನೆಗೆ ಹೋಗಿ ಮೊಳೆಗೆ ತೂಗುಹಾಕಿದ್ದ ಹಿಂದಿನ ದಿನದ ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ವಾಷರ್ ಅಲ್ಲೇ ಇತ್ತು. ಅಂಚಿನಲ್ಲಿ ಉಗುರಿನಷ್ಟು ಬಿರುಕು. ಅದನ್ನೇ ಹಾಗೇ ಬಿಟ್ಟಿದ್ದರೂ ಅವತ್ತಿನ ಮಟ್ಟಿಗೆ ಕೆಲಸ ನಡೆಯುತ್ತಿತ್ತೇನೋ ಅಂತ ಅನಿಸಿ ನಿದ್ದೆ ಬರಲಿಲ್ಲ. ಆಮೇಲೆ ನೋಟಿಸ್ ಬಂತು, ಒಂದು ಇನ್‌ಕ್ರಿಮೆಂಟ್ ಹೋಯಿತು. ತಪ್ಪು ನನ್ನದೇ, ಒಪ್ಪಿಕೊಂಡು ಬರೆದುಕೊಟ್ಟೆ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಠಾಣೆಯಲ್ಲಿ ಕಾಲ್ ಇಲ್ಲದ ಹೊತ್ತು ಖಾಲಿ ಹೊತ್ತು ಅಂತ ನಿಮಗೆ ಯಾರು ಹೇಳಿದರೋ ಅವರು ಹೊರಗಿನಿಂದ ನೋಡಿದವರು. ಆ ಹೊತ್ತಿನಲ್ಲೇ ವಾಷರ್ ಹಾಕಬೇಕು, ಒದ್ದೆ ಹೋಸ್ ಒಣಗಿಸಬೇಕು, ಉಸಿರಾಟದ ಸೆಟ್‌ನ ಸಿಲಿಂಡರ್‌ನಲ್ಲಿ ಗಾಳಿಯ ಒತ್ತಡ 300 ಬಾರ್ ಇದೆಯಾ ನೋಡಬೇಕು, ಕತ್ತಲಲ್ಲೂ ಕೈ ತಾನಾಗಿಯೇ ಹಾಕುವಷ್ಟು ಸಲ ಗಂಟು ಕಟ್ಟಿ ಬಿಚ್ಚಬೇಕು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಗ್ನಿಶಾಮಕ ಅಕಾಡೆಮಿಯಲ್ಲಿ ಟ್ರೈನಿಂಗ್ ಆಗುವಾಗ ಇದೆಲ್ಲ ಮಾಡಿಸುತ್ತಾರೆ. ಏಣಿ ಹತ್ತಿಸುತ್ತಾರೆ, ಆಳನ್ನು ಹೆಗಲ ಮೇಲೆ ಹೊರಿಸಿ ಇಳಿಸುತ್ತಾರೆ, ಹೋಸ್ ಬಿಚ್ಚಿ ಸುತ್ತಿಸಿ ತೋಳು ಸೋಲಿಸುತ್ತಾರೆ. ಪಾಸ್ ಆಗಿ ಬಂದ ಮೇಲೆ ಡ್ರಿಲ್ ಅಂದರೆ ಹಾಜರಿ ಅಂದುಕೊಳ್ಳುವವರು ಇದ್ದಾರೆ. ನಾನು ಅವರಲ್ಲೊಬ್ಬನಾಗಿದ್ದೆ.

ಪ್ರತಿ ಏಪ್ರಿಲ್ 14ಕ್ಕೆ ನಾವು ಯೂನಿಫಾರ್ಮ್‌ನಲ್ಲಿ ಮೌನವಾಗಿ ನಿಲ್ಲುತ್ತೇವೆ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಅನ್ನುವ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಹಡಗಿನಲ್ಲಿ ಮದ್ದುಗುಂಡು ಇತ್ತು, ಆದರೆ ಬೆಂಕಿ ಶುರುವಾದದ್ದು ಹತ್ತಿ ಬೇಲ್‌ಗಳಲ್ಲಿ. ಒತ್ತಿ ಕಟ್ಟಿದ ಹತ್ತಿಯೂ ಅಷ್ಟೇ, ಹುಲ್ಲಿನ ಬಣವೆಯೂ ಅಷ್ಟೇ. ಮೇಲೆ ನೀರು ಹೊಡೆದರೆ ಜಾರಿ ಹೋಗುತ್ತದೆ, ಒಳಗೆ ಹೊಗೆಯಾಡುತ್ತಲೇ ಇರುತ್ತದೆ. ಅವತ್ತು ಆ ಹಳ್ಳಿಯಲ್ಲೂ ಜೆಸಿಬಿ ತರಿಸಿ, ಬಣವೆಯನ್ನು ಎಳೆದು ಹರಡಿ, ಪದರ ಪದರಕ್ಕೂ ನೀರು ಹೊಡೆದು ಮುಗಿಸುವಾಗ ಸಂಜೆ ಆರೂವರೆ. ಇದು "ಸಣ್ಣ ಕಾಲ್". ಇಂಥ ಎರಡು ಬಂದರೆ ದಿನ ಮುಗಿಯಿತು, ಮೈ ಹುಲ್ಲಿನ ಮಸಿ. ಓದುವುದಿರಲಿ, ಅನ್ನ ಕಲಸಲೂ ಬೆರಳು ಮಡಚುವುದಿಲ್ಲ.

ಓದಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಡ್ಯೂಟಿ ಬಿಟ್ಟ ಮೇಲೆ ಮನೆಯಲ್ಲಿ ಓದಿ. ನಾನೂ ಆಮೇಲೆ ಹಾಗೇ ಓದಿ ಒಂದು ಸಲ ಕೆಎಎಸ್ ಬರೆದೆ, ಪ್ರಿಲಿಮ್ಸ್ ದಾಟಲಿಲ್ಲ. ಮತ್ತೆ ಬರೆಯಲಿಲ್ಲ. ಅಷ್ಟರಲ್ಲಿ ಈ ಕೆಲಸವೇ ಹಿಡಿಸಿಬಿಟ್ಟಿತ್ತು. ಆದರೆ ಠಾಣೆಯನ್ನು ಲೈಬ್ರರಿ ಅಂದುಕೊಂಡು ಸೇರುವುದಾದರೆ ದಯವಿಟ್ಟು ಸೇರಬೇಡಿ. ಆ ಸೀಟಿನಲ್ಲಿ ಕೆಲಸ ಬೇಕು ಅನ್ನುವ ಇನ್ನೊಬ್ಬರು ಕೂರಲಿ. ಕಾನ್‌ಸ್ಟೇಬಲ್ ಆಗಬೇಕಾ ಅನ್ನುವುದನ್ನು ಪೊಲೀಸರನ್ನೇ ಕೇಳಿ, ಅಲ್ಲೂ ಯಾರೂ ಸುಮ್ನೆ ಕೂತಿರುವುದನ್ನು ನಾನಂತೂ ನೋಡಿಲ್ಲ.

ಇಲ್ಲ, ಕೆಲಸಕ್ಕಾಗಿಯೇ ಬರುತ್ತೇನೆ ಅಂತಿದ್ದರೆ, ಈಜು ಬರದಿದ್ದರೆ ಈಗಲೇ ಕಲಿಯಿರಿ. ನಮ್ಮ ಜಿಲ್ಲೆಯಲ್ಲಿ ಬೆಂಕಿಯಷ್ಟೇ ಹೊಂಡವೂ ನಮ್ಮನ್ನು ಕರೆಯುತ್ತದೆ. ಕೃಷಿ ಹೊಂಡಕ್ಕೆ ಹೊದಿಸಿದ ಪ್ಲಾಸ್ಟಿಕ್ ಶೀಟ್ ಪಾಚಿ ಕಟ್ಟಿದ ಮೇಲೆ ಎಣ್ಣೆ ಸವರಿದಂತೆ ಇರುತ್ತದೆ. ಈಜು ಬಂದವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಮಗು ಬಿದ್ದರೆ ಅಮ್ಮ ಇಳಿಯುತ್ತಾಳೆ, ಅವಳ ಹಿಂದೆ ಇನ್ನೊಬ್ಬರು. ನಾವು ಹೋಗುವುದು ಆಮೇಲೆ. ಬಾವಿಯದೂ ಇದೇ ಕಥೆ. ಡೀಸೆಲ್ ಪಂಪ್ ಒಳಗಿಟ್ಟು ಓಡಿಸಿದ ಬಾವಿಗೆ ದೀಪ ಇಳಿಸಿ, ಅದು ಆರಲಿಲ್ಲ ಅಂತ ಆಳು ಇಳಿಯುತ್ತಾನೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ದೀಪವನ್ನು ಆರಿಸುವುದಿಲ್ಲ, ವಾಸನೆಯೂ ಇಲ್ಲ, ಮನುಷ್ಯನನ್ನು ಮಾತ್ರ ಬೀಳಿಸುತ್ತದೆ.

ನಿಮ್ಮ ಊರಿನಲ್ಲಿ ಕೃಷಿ ಹೊಂಡ ಇದ್ದೇ ಇರುತ್ತದೆ ಅಲ್ವಾ? ಈ ಭಾನುವಾರ ಹೋಗಿ ನೋಡಿ. ಸುತ್ತ ಬೇಲಿ ಇಲ್ಲದಿದ್ದರೆ ಮಾಲೀಕರಿಗೆ ಹೇಳಿ. ಬೇಲಿ ಆಗುವವರೆಗೆ ದಪ್ಪ ನೈಲಾನ್ ಹಗ್ಗಕ್ಕೆ ಒಂದೊಂದು ಅಡಿಗೆ ಒಂದು ಗಂಟು ಹಾಕಿ, ನಾಲ್ಕೂ ಬದಿಯಲ್ಲಿ ಗಟ್ಟಿ ಗೂಟಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಡಿ. ಕಟ್ಟಿದ ಮೇಲೆ ಪೂರ್ತಿ ಭಾರ ಬಿಟ್ಟು ಒಮ್ಮೆ ಎಳೆದು ನೋಡಿ.