ಬ್ರೇಡಿ ಹತ್ತಿರ 7 ರಿಂಗ್ ಇದ್ದರೂ ಈ ಜಗಳ ಯಾಕೆ ಮುಗಿಯೋದಿಲ್ಲ?

ನೀವು ಕೇಳಿದ್ದು ಎರಡು ವಿಷಯ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಟಾಮ್ ಬ್ರೇಡಿ 7 ಸೂಪರ್ ಬೌಲ್ (ಲೀಗ್‌ನ ಫೈನಲ್, ಗೆದ್ದವರಿಗೆ ರಿಂಗ್, ಅಂದರೆ ಉಂಗುರ, ಸಿಗುತ್ತೆ) ಗೆದ್ದಿರುವಾಗ ಅತಿ ದೊಡ್ಡ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ಆಟ ನಡೆಸುವವನು) ಯಾರು ಅಂತ ನಿಮ್ಮ ಆಫೀಸಿನವರು ಪ್ರತಿ ಸೋಮವಾರ ಯಾಕೆ ಕಿತ್ತಾಡುತ್ತಾರೆ ಅನ್ನೋದು ಒಂದು. ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಮೊಣಕಾಲಿಗೆ ಪೆಟ್ಟಾದ ಮೇಲೆ ಮುಂದಿನ ಸೀಸನ್‌ನಲ್ಲಿ ಅವನ ತಂಡ ಕ್ಯಾನ್ಸಸ್ ಸಿಟಿ ಚೀಫ್ಸ್ ಮತ್ತೆ ಮೇಲೆ ಬರುತ್ತಾ ಅನ್ನೋದು ಇನ್ನೊಂದು. ಅಮೆರಿಕಕ್ಕೆ ಬಂದು ಒಂದೇ ವರ್ಷ ಆಗಿದೆ, ಆಟ ಅರ್ಧಂಬರ್ಧ ಅರ್ಥವಾಗುತ್ತೆ ಅಂದಿದ್ದೀರಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಾನು ನ್ಯೂಜೆರ್ಸಿಯವನು, ಜೈಂಟ್ಸ್ ಪಾರ್ಟಿ. (ಹೆಸರು ನ್ಯೂಯಾರ್ಕ್ ಜೈಂಟ್ಸ್, ಆಡೋದು ಮಾತ್ರ ನ್ಯೂಜೆರ್ಸಿಯ ಈಸ್ಟ್ ರುದರ್‌ಫರ್ಡ್‌ನಲ್ಲಿ.) ಬ್ರೇಡಿ ಬಗ್ಗೆ ನನ್ನ ಮಾತಿನಲ್ಲಿ ಸ್ವಲ್ಪ ಹುಳಿ ಕಂಡರೆ ಅದಕ್ಕೇ.

ಆದರೂ ಒಟ್ಟು ಸಾಧನೆಯಲ್ಲಿ ಬ್ರೇಡಿಯೇ ಮೊದಲು. ಅದನ್ನು ನಾನು ಜಗಳವಿಲ್ಲದೆ ಒಪ್ಪುತ್ತೇನೆ. "7 ರಿಂಗ್ ಇದೆ, ಮಾತು ಮುಗೀತು" ಅನ್ನುತ್ತಾರಲ್ಲ, ಆ ಕಾರಣವನ್ನು ಮಾತ್ರ ಒಪ್ಪೋದಿಲ್ಲ.

ಯಾಕೆ ಅಂದರೆ, ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಮೈದಾನದಲ್ಲಿ ಇರೋದೇ ಸುಮಾರು ಅರ್ಧ ಹೊತ್ತು. ಎದುರಾಳಿ ಕೈಯಲ್ಲಿ ಚೆಂಡು ಇದ್ದಾಗ ಅವನು ಹೊರಗೆ ಬೆಂಚಿನ ಮೇಲೆ ಕೂತಿರುತ್ತಾನೆ. ಆಗ ಆಡೋದು ಡಿಫೆನ್ಸ್, ಅವರೇ ಬೇರೆ 11 ಜನ. ಚೆಂಡು ಒದೆಯೋಕೆ ಮತ್ತೆ ಬೇರೆ ಆಳು. ತಂಡದ ಪಟ್ಟಿಯಲ್ಲಿ 53 ಜನ ಇರುತ್ತಾರೆ. ಗೆದ್ದಾಗ ರಿಂಗ್ ಎಲ್ಲರಿಗೂ ಸಿಗುತ್ತೆ, ಲೆಕ್ಕ ಹಾಕೋವಾಗ ಮಾತ್ರ ಒಬ್ಬನ ಖಾತೆಗೆ ಜಮಾ ಆಗುತ್ತೆ.

ಬ್ರೇಡಿಯ ರಿಂಗ್‌ಗಳನ್ನೇ ತೆಗೆದುಕೊಳ್ಳಿ. ಮೊದಲನೆಯದು 2002ರ ಫೆಬ್ರವರಿಯಲ್ಲಿ, ಅವನ ಆಗಿನ ತಂಡ ಪೇಟ್ರಿಯಟ್ಸ್‌ಗೆ ಆಡುತ್ತಾ, ಸೇಂಟ್ ಲೂಯಿಸ್ ರ‍್ಯಾಮ್ಸ್ ವಿರುದ್ಧ, 20-17. ಕೊನೆಯ ಕ್ಷಣದಲ್ಲಿ ಕಿಕ್ಕರ್ ಆಡಮ್ ವಿನಟಿಯೇರಿ 48 ಯಾರ್ಡ್ ದೂರದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು. 2015ರ ಫೆಬ್ರವರಿಯಲ್ಲಿ ಸಿಯಾಟಲ್ ಸೀಹಾಕ್ಸ್ ಗೆಲ್ಲೋಕೆ ಒಂದೇ ಒಂದು ಯಾರ್ಡ್ ಬಾಕಿ ಇತ್ತು. ಡ್ರಾಫ್ಟ್‌ನಲ್ಲಿ (ತಂಡಗಳು ಸರದಿ ಪ್ರಕಾರ ಕಾಲೇಜು ಆಟಗಾರರನ್ನು ಆರಿಸೋದು) ಯಾವ ತಂಡವೂ ಆರಿಸದ, ಪೇಟ್ರಿಯಟ್ಸ್‌ನ ಹೊಸ ಹುಡುಗ ಮಾಲ್ಕಮ್ ಬಟ್ಲರ್ ನುಗ್ಗಿ ಬಂದು ಚೆಂಡು ಹಿಡಿದುಬಿಟ್ಟ. ಆಗ ಬ್ರೇಡಿ ಬೆಂಚಿನ ಹತ್ತಿರ ನಿಂತು ನೋಡುತ್ತಿದ್ದ, ಅಷ್ಟೇ. ಇನ್ನೊಂದು ಕಡೆ 2018ರ ಫೆಬ್ರವರಿ. ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ ಅದೇ ಬ್ರೇಡಿ 505 ಯಾರ್ಡ್ ಎಸೆದ, 3 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸೋದು) ಕೊಟ್ಟ, ಒಂದು ಎಸೆತವೂ ಎದುರಾಳಿ ಕೈಗೆ ಸಿಗಲಿಲ್ಲ. ತಂಡ 41-33ರಲ್ಲಿ ಸೋತಿತು. ರಿಂಗ್ ಲೆಕ್ಕದಲ್ಲಿ ಆ ರಾತ್ರಿಯ ಆಟಕ್ಕೆ ಸೊನ್ನೆ.

ನನ್ನನ್ನು ಇವತ್ತಿಗೂ ಕಾಡೋದು 2019ರ ಜನವರಿಯ ಪಂದ್ಯ. ಸೂಪರ್ ಬೌಲ್‌ಗೆ ಯಾರು ಹೋಗಬೇಕು ಅನ್ನೋದಕ್ಕೆ ಚೀಫ್ಸ್ ಮತ್ತು ಪೇಟ್ರಿಯಟ್ಸ್, ಅಂದರೆ ಮಹೋಮ್ಸ್ ಮತ್ತು ಬ್ರೇಡಿ. ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಉಳಿದಿತ್ತು, ಚೀಫ್ಸ್ 28-24ರಲ್ಲಿ ಮುಂದಿತ್ತು. ಬ್ರೇಡಿ ಎಸೆದ ಚೆಂಡು ಸಿಡಿದು ಚೀಫ್ಸ್ ಆಟಗಾರನ ಕೈ ಸೇರಿತು. ಕಥೆ ಮುಗಿಯಬೇಕಿತ್ತು. ಆದರೆ ಚೀಫ್ಸ್‌ನ ಡೀ ಫೋರ್ಡ್ ಆಟ ಶುರುವಾಗೋ ಮುಂಚೆಯೇ ಗೆರೆಯಿಂದ ಸ್ವಲ್ಪ ಮುಂದೆ ನಿಂತಿದ್ದ. ಆಫ್‌ಸೈಡ್. ಹಿಡಿದ ಚೆಂಡು ಲೆಕ್ಕಕ್ಕೆ ಬರಲಿಲ್ಲ. ಪಂದ್ಯ ಓವರ್‌ಟೈಮ್‌ಗೆ ಹೋಯಿತು, ಟಾಸ್ ಪೇಟ್ರಿಯಟ್ಸ್ ಗೆದ್ದಿತು, ನೇರ ಟಚ್‌ಡೌನ್ ಹೊಡೆದು 37-31ರಲ್ಲಿ ಮುಗಿಸಿತು. ಆಗಿನ ನಿಯಮದ ಪ್ರಕಾರ ಮಹೋಮ್ಸ್‌ಗೆ ಓವರ್‌ಟೈಮ್‌ನಲ್ಲಿ ಚೆಂಡು ಮುಟ್ಟೋಕೂ ಸಿಗಲಿಲ್ಲ. ಆಮೇಲೆ ಬ್ರೇಡಿ ಆರನೇ ರಿಂಗ್ ಗೆದ್ದ. ಬೇರೆ ಒಬ್ಬನ ಕಾಲು ಒಂದು ಗೇಣು ಹಿಂದೆ ಇದ್ದಿದ್ದರೆ ಇವತ್ತು ಇಬ್ಬರ ಲೆಕ್ಕವೂ ಬೇರೆ ಇರುತ್ತಿತ್ತೋ ಏನೋ!

ರಿಂಗ್ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತೆ ಅನ್ನೋದಕ್ಕೆ ಪೇಟನ್ ಮ್ಯಾನಿಂಗ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2013ರಲ್ಲಿ ಡೆನ್ವರ್ ಬ್ರಾಂಕೋಸ್‌ಗೆ ಆಡುತ್ತಾ 55 ಟಚ್‌ಡೌನ್, 5,477 ಯಾರ್ಡ್ ಎಸೆದ. ಒಂದು ಸೀಸನ್‌ನಲ್ಲಿ ಅಷ್ಟು ಟಚ್‌ಡೌನ್ ಎಸೆದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ಸೂಪರ್ ಬೌಲ್‌ಗೆ ಹೋದರೆ ಮೊದಲ ಸ್ನ್ಯಾಪ್‌ನಲ್ಲೇ (ಆಟ ಶುರು ಮಾಡೋಕೆ ಚೆಂಡನ್ನು ಹಿಂದಕ್ಕೆ ಕೊಡೋದು) ಚೆಂಡು ಅವನ ತಲೆ ಪಕ್ಕದಲ್ಲಿ ಹಾರಿಹೋಯಿತು. ಸಿಯಾಟಲ್‌ಗೆ ಪುಕ್ಕಟೆ 2 ಪಾಯಿಂಟ್. ಕೊನೆಗೆ 43-8ರಲ್ಲಿ ಸೋಲು. ಎರಡು ವರ್ಷದ ನಂತರ ಅದೇ ಮ್ಯಾನಿಂಗ್‌ಗೆ ತೋಳಿನಲ್ಲಿ ಶಕ್ತಿ ಇರಲಿಲ್ಲ. 2015ರ ಸೀಸನ್‌ನಲ್ಲಿ 9 ಟಚ್‌ಡೌನ್, 17 ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಎಸೆತ). ಮಧ್ಯದಲ್ಲಿ ಅವನನ್ನು ಕೂರಿಸಿ ಬ್ರಾಕ್ ಆಸ್ವೈಲರ್‌ನನ್ನು ಆಡಿಸಿದರು. ಆ ವರ್ಷ ಸೂಪರ್ ಬೌಲ್ ಗೆದ್ದ! ಗೆಲ್ಲಿಸಿದ್ದು ವಾನ್ ಮಿಲ್ಲರ್ ಮತ್ತು ಡಿಫೆನ್ಸ್, ಕ್ಯಾರೊಲಿನಾ ಪ್ಯಾಂಥರ್ಸ್ ವಿರುದ್ಧ 24-10. ಜೀವನದ ಅತಿ ಒಳ್ಳೆಯ ಸೀಸನ್‌ಗೆ ರಿಂಗ್ ಇಲ್ಲ, ಅತಿ ಕೆಟ್ಟ ಸೀಸನ್‌ಗೆ ಇದೆ. ಈಗ ಹೇಳಿ, ರಿಂಗ್ ಏನನ್ನು ಅಳೆಯುತ್ತೆ?

ಹಾಗೇ ಡ್ಯಾನ್ ಮರೀನೋ. ಮಯಾಮಿ ಡಾಲ್ಫಿನ್ಸ್‌ನಲ್ಲಿ ಎರಡನೇ ವರ್ಷಕ್ಕೇ, 1984ರಲ್ಲಿ, 5,084 ಯಾರ್ಡ್ ಮತ್ತು 48 ಟಚ್‌ಡೌನ್. ಡಿಫೆನ್ಸ್‌ನವರು ಈಗಿಗಿಂತ ಜಾಸ್ತಿ ಒರಟಾಗಿ ಆಡಬಹುದಾಗಿದ್ದ ಕಾಲ ಅದು. ಆ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಜೋ ಮೊಂಟಾನಾನ ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್ ಎದುರು ಸೋತ. 17 ಸೀಸನ್ ಆಡಿದರೂ ಮತ್ತೆ ಅಲ್ಲಿಗೆ ಹೋಗೋಕೆ ಆಗಲೇ ಇಲ್ಲ. ದ್ರಾವಿಡ್ ಆಟಗಾರನಾಗಿ ಒಂದೂ ವಿಶ್ವಕಪ್ ಗೆಲ್ಲಲಿಲ್ಲ, ಅದಕ್ಕೆ ಅವರನ್ನು ಯಾರಾದರೂ ಚಿಕ್ಕ ಆಟಗಾರ ಅನ್ನುತ್ತಾರಾ?

ಇನ್ನು ನಮ್ಮ ಎಲೈ ಮ್ಯಾನಿಂಗ್, ಪೇಟನ್‌ನ ತಮ್ಮ. ಎರಡು ಸೂಪರ್ ಬೌಲ್, ಎರಡೂ ಬ್ರೇಡಿಯ ಪೇಟ್ರಿಯಟ್ಸ್ ವಿರುದ್ಧವೇ. ಅದರಲ್ಲಿ ಮೊದಲನೆಯದು, ಒಂದೂ ಪಂದ್ಯ ಸೋಲದೆ 18-0 ಆಗಿ ಬಂದಿದ್ದ ತಂಡವನ್ನು 17-14ರಲ್ಲಿ ಮಣಿಸಿದ್ದು. ನನ್ನ ಮಟ್ಟಿಗೆ ಈ ಆಟದಲ್ಲಿ ಅದಕ್ಕಿಂತ ಸಿಹಿಯಾದ ರಾತ್ರಿ ಇಲ್ಲ. ಆದರೆ ಅಭಿಮಾನ ಬದಿಗಿಟ್ಟು ನೋಡಿದರೆ? 16 ಸೀಸನ್, ಲೀಗ್ ಪಂದ್ಯಗಳಲ್ಲಿ 117 ಗೆಲುವು, 117 ಸೋಲು. ಪ್ಲೇಆಫ್‌ನಲ್ಲಿ ಗೆದ್ದ 8 ಪಂದ್ಯಗಳೂ ಆ ಎರಡು ವರ್ಷಗಳವೇ. ರಿಂಗ್ ಲೆಕ್ಕದಲ್ಲಿ ಅವನು ಅಣ್ಣನಿಗೆ ಸಮ. ಇಬ್ಬರ ಆಟವನ್ನೂ ನೋಡಿದ ಯಾರೂ ಹಾಗೆ ಹೇಳೋದಿಲ್ಲ, ಜೈಂಟ್ಸ್‌ನವರೂ ಹೇಳೋದಿಲ್ಲ.

ಹಾಗಾದರೆ ಹೇಗೆ ಅಳೆಯೋದು? ನಾನು ಕೇಳೋ ಪ್ರಶ್ನೆ ಒಂದೇ. ಅವನು ಇಲ್ಲದಾಗ ಆ ತಂಡ ಏನಾಯಿತು?

ಇಂಡಿಯಾನಾಪೊಲಿಸ್ ಕೋಲ್ಟ್ಸ್ 2010ರಲ್ಲಿ ಪೇಟನ್ ಜೊತೆ 10 ಗೆದ್ದು 6 ಸೋತಿತ್ತು. 2011ರಲ್ಲಿ ಕತ್ತಿನ ಶಸ್ತ್ರಚಿಕಿತ್ಸೆಯಿಂದಾಗಿ ಅವನು ಇಡೀ ವರ್ಷ ಆಡಲಿಲ್ಲ. ತಂಡ ಹೆಚ್ಚುಕಡಿಮೆ ಅದೇ, ಫಲಿತಾಂಶ 2 ಗೆಲುವು, 14 ಸೋಲು. ಆಮೇಲೆ ಅವನು ಡೆನ್ವರ್‌ಗೆ ಹೋದ. 8-8 ಇದ್ದ ಆ ತಂಡ ಮರುವರ್ಷವೇ 13-3 ಆಯಿತು. ಈ ಪರೀಕ್ಷೆಯಲ್ಲಿ ಅವನಷ್ಟು ಚೆನ್ನಾಗಿ ಪಾಸಾದವರು ನನಗೆ ಕಂಡಿಲ್ಲ.

ಬ್ರೇಡಿಗೆ ಅದೇ ಪರೀಕ್ಷೆ 2008ರಲ್ಲಿ ಬಂತು. ಹಿಂದಿನ ವರ್ಷ ಲೀಗ್‌ನಲ್ಲಿ 16-0. ಸೀಸನ್‌ನ ಮೊದಲ ಪಂದ್ಯದಲ್ಲೇ ಮೊಣಕಾಲಿನ ಲಿಗಮೆಂಟ್ ಹರಿಯಿತು. ಬದಲಿಗೆ ಬಂದ ಮ್ಯಾಟ್ ಕ್ಯಾಸೆಲ್ ಕಾಲೇಜಿನಲ್ಲೂ ಬೆಂಚು ಕಾಯಿಸಿದವನು. ಆದರೂ ತಂಡ 11-5! ಅವತ್ತಿನಿಂದ "ಎಲ್ಲಾ ಕೋಚ್ ಬಿಲ್ ಬೆಲಿಚಿಕ್ ಮಾಡಿದ್ದು, ಬ್ರೇಡಿಯದು ಏನೂ ಇಲ್ಲ" ಅನ್ನೋ ವಾದಕ್ಕೆ ಬಲ ಬಂತು. ನಾನೂ ಆ ವಾದವನ್ನು ಖುಷಿಯಿಂದ ಬಳಸುತ್ತಿದ್ದೆ ಅನ್ನಿ.

ಆದರೆ 2020ರಲ್ಲಿ ಬ್ರೇಡಿ ಪೇಟ್ರಿಯಟ್ಸ್ ಬಿಟ್ಟು ಟ್ಯಾಂಪಾ ಬೇ ತಂಡಕ್ಕೆ ಹೋದ. ವಯಸ್ಸು 43. ಟ್ಯಾಂಪಾ ಹಿಂದಿನ ವರ್ಷ 7-9, ಅವರ ಕ್ವಾರ್ಟರ್‌ಬ್ಯಾಕ್ 30 ಇಂಟರ್‌ಸೆಪ್ಷನ್ ಕೊಟ್ಟಿದ್ದ. ಬ್ರೇಡಿ ಬಂದ ವರ್ಷವೇ 11-5 ಆಗಿ, ಸೂಪರ್ ಬೌಲ್‌ನಲ್ಲಿ ಮಹೋಮ್ಸ್‌ನ ಚೀಫ್ಸ್‌ನ್ನೇ 31-9ರಲ್ಲಿ ಸೋಲಿಸಿತು. ಅವನು ಬಿಟ್ಟುಹೋದ ಪೇಟ್ರಿಯಟ್ಸ್ ಅದೇ ವರ್ಷ 7-9. ನನ್ನ ಪಾಲಿಗೆ ಬ್ರೇಡಿಯ ಏಳು ರಿಂಗ್‌ಗಳಲ್ಲಿ ತೂಕ ಇರೋದು ಈ ಕೊನೆಯದಕ್ಕೇ. ಉಳಿದ ಆರನ್ನು ಬೆಲಿಚಿಕ್ ಜೊತೆ ಹಂಚಿಕೊಳ್ಳಲಿ, ಇದನ್ನು ಹಂಚಿಕೊಳ್ಳೋಕೆ ಬೆಲಿಚಿಕ್ ಅಲ್ಲಿ ಇರಲಿಲ್ಲ. 2000ದ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಬಂದವನು 23 ಸೀಸನ್ ಆಡಿದ. 89,214 ಯಾರ್ಡ್, 649 ಟಚ್‌ಡೌನ್. ಒಂದೇ ಪಂದ್ಯಕ್ಕೆ ಯಾರನ್ನಾದರೂ ಆರಿಸು ಅಂದರೆ 2013ರ ಪೇಟನ್‌ನನ್ನು ಕರೆಯುತ್ತೇನೆ. 20 ವರ್ಷಕ್ಕೆ ಒಬ್ಬನನ್ನು ಆರಿಸು ಅಂದರೆ ಹಲ್ಲು ಕಚ್ಚಿಕೊಂಡು ಬ್ರೇಡಿ ಅನ್ನುತ್ತೇನೆ.

ಮಹೋಮ್ಸ್‌ಗೆ ಬರೋಣ. 2017ರ ಡ್ರಾಫ್ಟ್‌ನಲ್ಲಿ 10ನೆಯವನು. 2018ರಲ್ಲಿ, ಪೂರ್ತಿ ಸೀಸನ್ ಆಡಿದ ಮೊದಲ ವರ್ಷವೇ, 50 ಟಚ್‌ಡೌನ್. 28ನೇ ವಯಸ್ಸಿಗೆ 3 ರಿಂಗ್. ಬ್ರೇಡಿ 3ನೇ ರಿಂಗ್ ಗೆದ್ದಾಗ ಅವನಿಗೆ 27. ಅಂದರೆ ಆ ವಯಸ್ಸಿಗೆ ಇಬ್ಬರೂ ಹೆಚ್ಚುಕಡಿಮೆ ಸಮ. ಆಮೇಲೆ ಬ್ರೇಡಿಗೆ 10 ವರ್ಷ ಒಂದೂ ಸಿಗಲಿಲ್ಲ ಅನ್ನೋದನ್ನು ಜನ ಮರೆಯುತ್ತಾರೆ. ಉಳಿದ ನಾಲ್ಕೂ ಬಂದಿದ್ದು 37 ದಾಟಿದ ಮೇಲೆ. ಹಾಗಾಗಿ ಮಹೋಮ್ಸ್ ಎರಡು ವರ್ಷ ಸೋತ ಕೂಡಲೇ "ಅವನ ಕಾಲ ಮುಗೀತು" ಅನ್ನೋದು ಸುಮ್ನೆ ಮಾತು. ನಿಜವಾದ ಪ್ರಶ್ನೆ, ಅವನು 40ರವರೆಗೆ ಆಡೋಕೆ ಆಗುತ್ತಾ ಅನ್ನೋದು. ಬ್ರೇಡಿ ನಿಂತಲ್ಲೇ ನಿಂತು ಬೇಗ ಚೆಂಡು ಬಿಡುತ್ತಿದ್ದ, ಮೈಗೆ ಏಟು ಕಡಿಮೆ. ಮಹೋಮ್ಸ್ ಆಟದ ಅರ್ಧ ಸೊಗಸು ಅವನ ಕಾಲಿನಲ್ಲಿದೆ. ಆಟ ಕೆಟ್ಟಾಗ ಪಕ್ಕಕ್ಕೆ ಓಡಿ, ಓಡುತ್ತಲೇ ಎಸೆಯುತ್ತಾನೆ. ಈಗ ಪೆಟ್ಟಾಗಿರೋದೂ ಮೊಣಕಾಲಿಗೆ.

ಮುಂದಿನ ಸೀಸನ್ ವಿಷಯಕ್ಕೆ ಒಂದು ಸಣ್ಣ ಉಪಾಯ ಹೇಳಿಕೊಡುತ್ತೇನೆ, ಆಫೀಸಿನಲ್ಲಿ ಉಪಯೋಗಕ್ಕೆ ಬರುತ್ತೆ. ಒಂದು ತಂಡ ಎಷ್ಟು ಗೆದ್ದಿತು ಅನ್ನೋದಕ್ಕಿಂತ ಎಷ್ಟು ಅಂತರದಲ್ಲಿ ಗೆದ್ದಿತು ಅಂತ ನೋಡಿ. ಒಂದೇ ಸಲ ಚೆಂಡು ಸಿಕ್ಕಿದರೆ 8 ಪಾಯಿಂಟ್‌ವರೆಗೆ ಗಳಿಸಬಹುದು. ಹಾಗಾಗಿ 8 ಅಥವಾ ಅದಕ್ಕಿಂತ ಕಡಿಮೆ ಅಂತರದ ಪಂದ್ಯ ಯಾರ ಕಡೆ ಬೇಕಾದರೂ ವಾಲಬಹುದಿತ್ತು ಅಂತ ಲೆಕ್ಕ. ಅಂಥ ಪಂದ್ಯಗಳನ್ನು ವರ್ಷ ವರ್ಷವೂ ಗೆಲ್ಲೋಕೆ ಯಾರಿಗೂ ಆಗೋದಿಲ್ಲ. 2022ರ ಮಿನೆಸೋಟ ವೈಕಿಂಗ್ಸ್ 13-4 ಆಗಿತ್ತು, ಇಂಥ ಪಂದ್ಯಗಳಲ್ಲಿ 11ಕ್ಕೆ 11 ಗೆಲುವು. ಆದರೆ ಇಡೀ ಸೀಸನ್ ಕೂಡಿಸಿದರೆ ಹೊಡೆದಿದ್ದಕ್ಕಿಂತ ಬಿಟ್ಟುಕೊಟ್ಟ ಪಾಯಿಂಟ್ 3 ಜಾಸ್ತಿ! ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ನಮ್ಮ ಜೈಂಟ್ಸ್ ಅವರನ್ನು ಹೊರಗೆ ಹಾಕಿತು, ಮರುವರ್ಷ ವೈಕಿಂಗ್ಸ್ 7-10. ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್‌ಗೆ ಪೆಟ್ಟಾಗಿದ್ದೂ ಸೇರಿಕೊಂಡಿತು, ನಿಜ.

2024ರ ಚೀಫ್ಸ್ ಕಥೆಯೂ ಅದೇ. 15-2 ಅಂತ ಎಲ್ಲರೂ ಬೆರಗಾದರು. ಅದರಲ್ಲಿ 11 ಗೆಲುವು ಇಂಥ ಸಣ್ಣ ಅಂತರದ್ದು. ಡೆನ್ವರ್ ವಿರುದ್ಧ ಒಂದು ಪಂದ್ಯ ಕೊನೆಯ ಕ್ಷಣದಲ್ಲಿ ಎದುರಾಳಿಯ ಕಿಕ್ ತಡೆದು 16-14ರಲ್ಲಿ ಗೆದ್ದಿದ್ದು. ಸೂಪರ್ ಬೌಲ್‌ನಲ್ಲಿ ಈಗಲ್ಸ್ 40-22ರಲ್ಲಿ ಹೊಡೆದು ಹಾಕಿತು. 2025ರಲ್ಲಿ ಆ ಅದೃಷ್ಟ ತಿರುಗಿತು. 6-11, ಪ್ಲೇಆಫ್ ಇಲ್ಲ, ಡಿಸೆಂಬರ್‌ನಲ್ಲಿ ಮಹೋಮ್ಸ್ ಮೊಣಕಾಲು. ನೋಡಿದರೆ 2024ರ ತಂಡ 15-2 ಅನ್ನುವಷ್ಟು ದೊಡ್ಡದಾಗಿರಲಿಲ್ಲ, 2025ರ ತಂಡ 6-11 ಅನ್ನುವಷ್ಟು ಕೆಟ್ಟದ್ದೂ ಅಲ್ಲ.

ಈ ಲೀಗ್‌ನಲ್ಲಿ ಬಿದ್ದವರನ್ನು ಎತ್ತೋಕೆ ವ್ಯವಸ್ಥೆಯೂ ಇದೆ. ಕೆಟ್ಟದಾಗಿ ಆಡಿದವರಿಗೆ ಡ್ರಾಫ್ಟ್‌ನಲ್ಲಿ ಮುಂಚೆ ಸರದಿ. ವರ್ಷದ 17 ಪಂದ್ಯಗಳಲ್ಲಿ 3, ಹಿಂದಿನ ವರ್ಷ ತಮ್ಮ ಡಿವಿಜನ್‌ನಲ್ಲಿ (ನಾಲ್ಕು ತಂಡಗಳ ಗುಂಪು) ನಿಮ್ಮದೇ ಸ್ಥಾನಕ್ಕೆ ಬಂದವರ ಜೊತೆ. ಚೀಫ್ಸ್ ಮೂರನೇ ಸ್ಥಾನ, ಆದ್ದರಿಂದ ಎದುರಾಳಿಗಳೂ ಸ್ವಲ್ಪ ಸುಲಭ. ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳಕ್ಕೆ ಇರೋ ಮಿತಿ) ಮಾತ್ರ ಅವರಿಗೆ ಕಷ್ಟ. 2020ರಲ್ಲಿ ಮಹೋಮ್ಸ್ ಜೊತೆ 10 ವರ್ಷಕ್ಕೆ 45 ಕೋಟಿ ಡಾಲರ್ ಒಪ್ಪಂದ ಆಗಿದೆ. ಒಬ್ಬನಿಗೆ ಅಷ್ಟು ಕೊಟ್ಟರೆ ಅವನನ್ನು ಕಾಯೋ ಆಫೆನ್ಸಿವ್ ಲೈನ್‌ಗೆ ಉಳಿಯೋದು ಕಡಿಮೆ.

ಬ್ರೇಡಿ 2008ರ ಸೆಪ್ಟೆಂಬರ್‌ನಲ್ಲಿ ಬಿದ್ದು ಪೂರ್ತಿ ಒಂದು ವರ್ಷ ಬಿಟ್ಟು ಬಂದ. ವಾಪಸ್ ಬಂದ 2009ರಲ್ಲಿ ತಂಡ 10-6, ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಔಟ್. ಮಹೋಮ್ಸ್‌ಗೆ ಡಿಸೆಂಬರ್‌ನಿಂದ ಸೆಪ್ಟೆಂಬರ್‌ಗೆ ಸಿಗೋದು 9 ತಿಂಗಳು ಅಷ್ಟೇ. ಅದಕ್ಕೇ ಮೊದಲ ನಾಲ್ಕು ವಾರದ ಆಟ ನೋಡಿ ತೀರ್ಪು ಕೊಡಬೇಡಿ. ನನ್ನ ಅಂದಾಜು 10 ಗೆಲುವು, ಪ್ಲೇಆಫ್‌ಗೆ ಕಷ್ಟಪಟ್ಟು ಪ್ರವೇಶ. ಅಕ್ಟೋಬರ್ ಕೊನೆಗೆ ಮೂರನೇ ಡೌನ್‌ನಲ್ಲಿ (10 ಯಾರ್ಡ್ ಮುಂದೆ ಹೋಗೋಕೆ ಸಿಗೋ ನಾಲ್ಕು ಅವಕಾಶಗಳಲ್ಲಿ ಮೂರನೆಯದು) 6-7 ಯಾರ್ಡ್ ಬೇಕಾದಾಗ ಅವನು ಮೊದಲಿನ ಹಾಗೆ ತಾನೇ ಓಡಿ ಹೋಗುತ್ತಾನಾ, ಇಲ್ಲಾ ಚೆಂಡು ಹೊರಗೆ ಎಸೆದು ಸುಮ್ಮನಾಗುತ್ತಾನಾ ಅಂತ ಗಮನಿಸಿ. ಓಡಿದರೆ ನನ್ನ ಅಂದಾಜಿಗೆ ಇನ್ನೆರಡು ಗೆಲುವು ಸೇರಿಸಿಕೊಳ್ಳಿ.