ಪುಣೆಯ ಟ್ಯಾಂಕರ್ ನೀರಿನ ಬಿಳಿ ಕಲೆಗೆ ಮನೆಯಲ್ಲೇ ಏನು ಮಾಡಿಕೊಳ್ಳಬಹುದು?

ನೀವು ಕೇಳಿದ್ದು ಇಷ್ಟು: ಹುಬ್ಬಳ್ಳಿಯಿಂದ ಬಂದು ವಾಕಡ್‌ನಲ್ಲಿ ಬಾಡಿಗೆಗೆ ಇದ್ದೀರಿ, ಬಚ್ಚಲಿನ ನಲ್ಲಿ, ಟೈಲ್ಸ್ ಮೇಲೆಲ್ಲ ಬಿಳಿ ಪದರ ಕೂತಿದೆ, ಅಂಬೆಗಾಲಿಡುವ ಮಗು ಇರುವುದರಿಂದ ಅಂಗಡಿಯ ಆಸಿಡ್ ಬೇಡ, ವಿಡಿಯೋ ನೋಡಿ ಅಡಿಗೆ ಸೋಡಾಕ್ಕೆ ವಿನೆಗರ್ ಕಲಸಿ ಹಚ್ಚಿದರೆ ಏನೂ ಆಗಲಿಲ್ಲ. ಜೊತೆಗೆ ಮಳೆಗಾಲದ ಕಪ್ಪು ಬೂಸ್ಟು, ಮೋರಿಯ ವಾಸನೆ ಬೇರೆ.

ಆ ಸೋಡಾ-ವಿನೆಗರ್ ಜೋಡಿಯನ್ನು ಮೊದಲು ಬಿಟ್ಟುಬಿಡಿ. ನೊರೆ ಉಕ್ಕುವುದು ನೋಡಲು ಚೆಂದ, ಅಷ್ಟೇ. ಒಂದು ಕ್ಷಾರ, ಇನ್ನೊಂದು ಹುಳಿ, ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಆ ನೊರೆ ಬರೀ ಕಾರ್ಬನ್ ಡೈಆಕ್ಸೈಡ್. ಕೊನೆಗೆ ಬಾಟಲಿಯಲ್ಲಿ ಉಳಿಯುವುದು ನೀರು ಮತ್ತು ಒಂದಿಷ್ಟು ಸೋಡಿಯಂ ಅಸಿಟೇಟ್, ಅದರಿಂದ ಯಾವ ಕಲೆಯೂ ಹೋಗುವುದಿಲ್ಲ.

ನಾನು ಪುಣೆಯಲ್ಲಿ ಕರ್ವೆ ನಗರದಲ್ಲೂ ಇದ್ದವಳು, ಈಗ ನಿಮ್ಮ ಕಡೆಯೇ ಇದ್ದೇನೆ, ಹಾಗಾಗಿ ಎರಡೂ ನೀರು ಗೊತ್ತು. ಅಲ್ಲಿ ಖಡಕ್‌ವಾಸ್ಲಾ ಕಡೆಯಿಂದ ಬರುವ ಡ್ಯಾಮಿನ ನೀರು, ನಲ್ಲಿ ಒರೆಸದಿದ್ದರೂ ತಿಂಗಳುಗಟ್ಟಲೆ ಹೊಳೆಯುತ್ತಿತ್ತು. ಇಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರ್, ಬೋರ್‌ವೆಲ್. ಕಲ್ಲುಬಂಡೆಯ ನಡುವಿನಿಂದ ಬಂದ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ನೀರು ಆರಿದ ಮೇಲೆ ಅದು ಸುಣ್ಣವಾಗಿ ಕೂರುತ್ತದೆ. ಸುಣ್ಣಕ್ಕೆ ಮದ್ದು ಹುಳಿ. ಎಷ್ಟು ಸೋಪು ಹಾಕಿ ಉಜ್ಜಿದರೂ ಸುಣ್ಣ ಕರಗುವುದಿಲ್ಲ, ತೋಳು ನೋಯುತ್ತದೆ ಅಷ್ಟೇ.

ಹುಳಿಗೆ ನಾನು ಬಳಸುವುದು ಸಿಟ್ರಿಕ್ ಆಸಿಡ್. ಹೆಸರಿನಲ್ಲಿ ಆಸಿಡ್ ಇದೆ ಅಂತ ಗಾಬರಿ ಬೇಡ, ತಿಂಡಿಗೆ ಹಾಕುವ ನಿಂಬೆ ಉಪ್ಪೇ ಅದು. ಇಲ್ಲಿನ ಕಿರಾಣಿ ಅಂಗಡಿಯಲ್ಲಿ 'ಲಿಂಬು ಸತ್ವ' ಅಂತ ಕೇಳಿ, ಕೊಡುತ್ತಾರೆ. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಹಾಕಿ ಕರಗಿಸಿ ಸ್ಪ್ರೇ ಬಾಟಲಿಗೆ ತುಂಬಿ. ವಿನೆಗರ್ ಕೂಡ ಆಗುತ್ತದೆ, ಆದರೆ ಅದು ದುಬಾರಿ, ಮನೆಯೆಲ್ಲ ಉಪ್ಪಿನಕಾಯಿ ಭರಣಿಯ ಹಾಗೆ ನಾರುತ್ತದೆ, ಮತ್ತೆ ಅದರಲ್ಲಿ ಹುಳಿ ಇರುವುದೇ ಶೇಕಡಾ 4-5ರಷ್ಟು. ನಿಂಬೆಹಣ್ಣೇ ಹಿಂಡಿ ಉಜ್ಜುವುದು ಬೇಸಿಗೆಯ ರೇಟಿನಲ್ಲಿ ನನಗೆ ಸರಿ ಕಾಣುವುದಿಲ್ಲ. ಹಿಂಡಿ ಉಳಿದ ಸಿಪ್ಪೆಯಿಂದ ಉಜ್ಜಿ, ಅದು ಬೇರೆ ಮಾತು.

ಸುಮ್ನೆ ಸ್ಪ್ರೇ ಮಾಡಿ ಒರೆಸಿದರೆ ಸಾಲದು, ನೆನೆಯಬೇಕು. ಹಳೇ ಬಟ್ಟೆಯನ್ನು ಆ ನೀರಲ್ಲಿ ಅದ್ದಿ ನಲ್ಲಿಗೆ ಸುತ್ತಿ ಇಪ್ಪತ್ತು ನಿಮಿಷ ಬಿಡಿ, ಆಮೇಲೆ ಹೀರೇಕಾಯಿ ನಾರಿನಿಂದ ಉಜ್ಜಿ ತೊಳೆಯಿರಿ. ಷವರ್‌ನ ತೂತು ಕಟ್ಟಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಆ ನೀರು ತುಂಬಿ ಷವರ್ ಮುಳುಗುವ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ರಾತ್ರಿಯೆಲ್ಲ ಬಿಡಬೇಡಿ, ಕ್ರೋಮ್ ಪಾಲಿಶ್ ಮಂಕಾಗುತ್ತದೆ, ಬಾಡಿಗೆ ಮನೆ ಬೇರೆ. ಕಮೋಡ್‌ಗೆ ಮಾತ್ರ ರಾತ್ರಿಯೇ ಒಳ್ಳೆಯದು: ಬ್ರಶ್‌ನಿಂದ ನೀರನ್ನು ಒಳಕ್ಕೆ ತಳ್ಳಿ, ಮೂರು-ನಾಲ್ಕು ಚಮಚ ಪುಡಿಯನ್ನೇ ಕಲೆಯ ಮೇಲೆ ಉದುರಿಸಿ, ಬಿಸಿ ನೀರು ಸ್ವಲ್ಪ ಹಾಕಿ, ಬೆಳಗ್ಗೆ ಉಜ್ಜಿ. ಕುದಿಯುವ ನೀರು ಬೇಡ, ಪಿಂಗಾಣಿ ಬಿರುಕು ಬಿಡಬಹುದು. ಬೋರ್ ನೀರಿನ ಕಬ್ಬಿಣದ ಕಂದು ಗೆರೆಯೂ ಇದರಲ್ಲೇ ಎಷ್ಟೋ ಹೋಗುತ್ತದೆ.

ಈಗ ಮುಖ್ಯವಾದದ್ದು. ಎಲ್ಲ ಕಡೆ ಹುಳಿ ಹಾಕುವ ಹಾಗಿಲ್ಲ. ಪುಣೆಯ ಹಳೇ ಮನೆಗಳ ಬಚ್ಚಲಲ್ಲಿ ಹಾಸಿರುವ ಕಲ್ಲು ನೋಡಿದ್ದೀರಾ, ಇಲ್ಲಿನವರು ಶಹಾಬಾದಿ ಫರಶಿ ಅಂತಾರೆ. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲೇ ಅದು. ಅದು ಸುಣ್ಣದ ಕಲ್ಲು. ಕೋಟಾ ಕಲ್ಲೂ ಸುಣ್ಣದ್ದೇ, ಅಮೃತಶಿಲೆಯೂ ಅದೇ ಜಾತಿ. ಕಲೆ ಕರಗಿಸುವ ಹುಳಿ ಕಲ್ಲನ್ನೂ ಕರಗಿಸುತ್ತದೆ, ಹೊಳಪು ಹೋಗಿ ಒರಟಾಗುತ್ತದೆ, ಆಮೇಲೆ ಕೊಳೆ ಇನ್ನೂ ಬೇಗ ಹಿಡಿಯುತ್ತದೆ. ಅನುಮಾನ ಇದ್ದರೆ ಮೂಲೆಯಲ್ಲಿ ಒಂದು ಹನಿ ನಿಂಬೆ ರಸ ಬಿಡಿ. ಸಣ್ಣ ಗುಳ್ಳೆ ಎದ್ದರೆ ಅಲ್ಲಿಗೆ ಹುಳಿ ಬೇಡ, ಅಂಟುವಾಳದ ನೀರೇ ಸಾಕು. ಟೈಲ್ಸ್ ಸಂದಿನ ಸಿಮೆಂಟಿಗೂ ಹುಳಿ ಜಾಸ್ತಿ ಹೊತ್ತು ಇಡಬೇಡಿ.

ಟೈಲ್ಸ್ ಮೇಲಿನ ಜಿಡ್ಡಿನ ಬಿಳಿ ಪದರ ಇದೆಯಲ್ಲ, ಉಗುರಿನಿಂದ ಕೆರೆದರೆ ಮೇಣದ ಹಾಗೆ ಬರುವುದು, ಅದು ಬರೀ ಸುಣ್ಣ ಅಲ್ಲ. ಸೋಪು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಹಾಗೆ ಕೂತಿರುತ್ತದೆ. ಅದಕ್ಕೆ ಮೊದಲು ಹುಳಿ ನೀರು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೆಯಿರಿ, ಆಮೇಲೆ ಬಟ್ಟೆ ಸೋಡಾದ ನೀರು, ಅರ್ಧ ಬಕೆಟ್‌ಗೆ ಒಂದೆರಡು ಚಮಚ. ಒಂದಾದ ಮೇಲೊಂದು ಹಾಕಿ, ಒಟ್ಟಿಗೆ ಬೇಡ. ಅಂಗಡಿಯಲ್ಲಿ 'ಧುಣ್ಯಾಚಾ ಸೋಡಾ' ಅಂತಲೇ ಕೇಳಿ, ಬರೀ ಸೋಡಾ ಅಂದರೆ 'ಖಾಯಚಾ ಸೋಡಾ' ಕೊಟ್ಟು ಕಳಿಸುತ್ತಾರೆ, ಅದು ಇಡ್ಲಿ-ಢೋಕ್ಲಾದ್ದು, ಇದಕ್ಕೆ ಜೋರು ಸಾಲದು. ಬಟ್ಟೆ ಸೋಡಾ ಕೈ ಸುಡುತ್ತದೆ, ಗ್ಲೌಸ್ ಹಾಕಿ, ಮಗುವಿನ ಕೈಗೆ ಸಿಗದ ಹಾಗೆ ಇಡಿ. ನೈಸರ್ಗಿಕ ಅಂದ ತಕ್ಷಣ ನಿರಪಾಯ ಅಂತ ಎಲ್ಲೂ ಬರೆದಿಲ್ಲ.

ದಿನದ ಉಪಯೋಗಕ್ಕೆ ಅಂಟುವಾಳ. ಇಲ್ಲಿ ರಿಠಾ ಅಂತಾರೆ. ಹತ್ತು-ಹನ್ನೆರಡು ಕಾಯಿ ಒಡೆದು ಬೀಜ ತೆಗೆದು, ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಗ್ಗೆ ಕಾಲು ಗಂಟೆ ಕುದಿಸಿ, ಕಿವುಚಿ ಸೋಸಿ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ, ಬಾಟಲಿ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆಯಿರಿ, ಯಾರಾದರೂ ಕಷಾಯ ಅಂತ ಕುಡಿದಾರು. ಕಣ್ಣಿಗೆ ಬಿದ್ದರೆ ಉರಿ ವಿಪರೀತ. ಅಂಗಡಿ ಸೋಪಿನಷ್ಟು ನೊರೆ ಬರುವುದಿಲ್ಲ, ಆದರೆ ಗಡಸು ನೀರಲ್ಲೂ ಬಿಳಿ ಪದರ ಕೂರಿಸುವುದಿಲ್ಲ, ನನಗೆ ಅದೇ ಬೇಕಾಗಿದ್ದು.

ಬಯೋ ಎಂಜೈಮ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದು ಪಾಲು ಬೆಲ್ಲ, ಮೂರು ಪಾಲು ಹಣ್ಣಿನ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಚಳಿಗಾಲದಲ್ಲಿ ನಾಗಪುರದ ಕಿತ್ತಳೆ ಬಂದಾಗ ಹಾಕಿ ಇಡಬಹುದು. ಪ್ಲಾಸ್ಟಿಕ್ ಬಾಟಲಿಯೇ ಇರಲಿ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ, ಗಾಜಿನದಾದರೆ ಒಡೆದು ಹೋಗುತ್ತದೆ. ನೆಲ ಒರೆಸಲು ಚೆನ್ನಾಗಿದೆ. ಆದರೆ ಅದೂ ಹುಳಿಯೇ, ಶಹಾಬಾದಿ ಕಲ್ಲಿಗೆ ಬೇಡ. ಎಲ್ಲ ರೋಗಾಣು ಸಾಯುತ್ತವೆ ಅನ್ನುವುದನ್ನಂತೂ ನಾನು ನಂಬುವುದಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಆದಾಗ ನಾನು ಬ್ಲೀಚನ್ನೇ ಬಳಸುತ್ತೇನೆ, ಕಿಟಕಿ ತೆರೆದು, ಆ ದಿನ ಬೇರೇನೂ ಹಾಕದೆ. ಬ್ಲೀಚಿಗೆ ನಿಂಬೆ ಉಪ್ಪು, ವಿನೆಗರ್, ಟಾಯ್ಲೆಟ್ ಆಸಿಡ್ ಯಾವುದು ಸೇರಿದರೂ ಕ್ಲೋರಿನ್ ಗ್ಯಾಸ್ ಏಳುತ್ತದೆ. ಚಿಕ್ಕ ಬಚ್ಚಲಲ್ಲಿ ಅದು ಉಸಿರು ಕಟ್ಟಿಸುತ್ತದೆ.

ಕಪ್ಪು ಬೂಸ್ಟಿಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. 20 ವಾಲ್ಯೂಮ್ ಅಂತ ಬರೆದಿದ್ದರೆ ಅದು ಶೇಕಡಾ 6ರಷ್ಟು, ಸಮ ನೀರು ಬೆರೆಸಿ ಹಚ್ಚಿ ಹದಿನೈದು ನಿಮಿಷ ಬಿಟ್ಟು ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ. ಇದನ್ನೂ ವಿನೆಗರ್ ಬಾಟಲಿಗೆ ಸೇರಿಸಬೇಡಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒದ್ದೆಯಾಗೇ ಇದ್ದರೆ ಎಷ್ಟು ಉಜ್ಜಿದರೂ ಮತ್ತೆ ಬರುತ್ತದೆ. ಸ್ನಾನ ಆದ ಮೇಲೆ ಗೋಡೆಗೊಮ್ಮೆ ವೈಪರ್ ಎಳೆದು ಎಕ್ಸಾಸ್ಟ್ ಫ್ಯಾನ್ ಬಿಡಿ, ಸುಣ್ಣದ ಕಲೆಯೂ ಅರ್ಧ ಕಡಿಮೆ ಆಗುತ್ತದೆ.

ಮೋರಿ ವಾಸನೆಗೆ ಯಾವ ಪುಡಿಯೂ ಬೇಡ. ಜಾಲಿ ಎತ್ತಿ ಕೂದಲಿನ ಗಂಟು ಕೈಯಿಂದಲೇ ತೆಗೆಯಿರಿ, ಅಸಹ್ಯ ಅನ್ನಿಸಿದರೂ ಬೇರೆ ದಾರಿ ಇಲ್ಲ. ಇನ್ನು ಹಬ್ಬಕ್ಕೆ ಊರಿಗೆ ಹೋಗಿ ಬಂದ ದಿನವೇ ಜಾಸ್ತಿ ನಾರುತ್ತಿದ್ದರೆ, ಒಳಗಿನ ಟ್ರಾಪ್‌ನ, ಅಂದರೆ ಗಾಳಿ ತಡೆಯಲು ನೀರು ನಿಲ್ಲುವ ಭಾಗದ, ನೀರು ಒಣಗಿ ಚರಂಡಿಯ ಗಾಳಿ ನೇರ ಮೇಲೆ ಬರುತ್ತಿದೆ ಅಂತ ಅರ್ಥ. ಎರಡು ತಂಬಿಗೆ ನೀರು ಸುರಿಯಿರಿ.